ಹಳೆಯ ಚೈನ್ ಟ್ರ್ಯಾಕ್ಟರುಗಳನ್ನು ತೂಕಕ್ಕೆ ಹಾಕುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಇತ್ತೀಚೆಗೆ ನಮ್ಮ ಜಿಲ್ಲೆಯ ಕಚೇರಿಯೊಂದರ ಆವರಣದಲ್ಲಿ ನಿರುಪಯುಕ್ತ ಸಾಮಗ್ರಿಗಳ ಹರಾಜು ನಡೆದಾಗ, ಮುರಿದ ಕುರ್ಚಿ, ತುಕ್ಕು ಹಿಡಿದ ಪೈಪು, ಡಾಂಬರಿನ ಖಾಲಿ ಡ್ರಮ್ಮುಗಳ ರಾಶಿಯ ಜೊತೆಗೆ ಒಂದು ಹಳೆಯ ಚೈನ್ ಟ್ರ್ಯಾಕ್ಟರನ್ನೂ ಕಿಲೋ ಲೆಕ್ಕದಲ್ಲಿ ಗುಜರಿಗೆ ಕೊಡಲಾಯಿತು. ಸುದ್ದಿ ತಿಳಿದು ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಗ್ಯಾಸ್ ಕಟರಿನಿಂದ ಅದರ ಎಡಬದಿಯ ಚೈನನ್ನು ಕತ್ತರಿಸಿ ಆಗಿತ್ತು. ತಯಾರಕರ ಹೆಸರು, ಕ್ರಮಸಂಖ್ಯೆ ಇರಬೇಕಾಗಿದ್ದ ಹಿತ್ತಾಳೆಯ ಫಲಕ ಕಿತ್ತುಹೋಗಿದ್ದರಿಂದ ಅದು ಯಾವ ವರ್ಷದ ಯಂತ್ರವೆಂದು ಖಚಿತವಾಗಿ ಹೇಳುವ ದಾರಿ ಇನ್ನು ಇಲ್ಲ. ಆದರೆ ದೊಡ್ಡ ಡೀಸೆಲ್ ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಂತಿದ್ದ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ನೋಡಿದ ಕೂಡಲೇ ಅದು ಸಾಮಾನ್ಯ ಗುಜರಿಯಲ್ಲವೆಂದು ನನಗೆ ತಿಳಿಯಿತು. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಅಂಥದ್ದೇ ಒಂದು ಯಂತ್ರವಿದೆ. ಅದನ್ನು ದುರಸ್ತಿ ಮಾಡಿಸಿ ಓಡಿಸಿದ ಅನುಭವದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಚಕ್ರದ ಬದಲು ಚೈನಿನ ಮೇಲೆ ನಡೆಯುವ ಯಂತ್ರ ಹುಟ್ಟಿದ್ದೇ ಕೆಸರಿನ ನೆಲಕ್ಕಾಗಿ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಸುತ್ತಲಿನ ಮೆತ್ತನೆಯ ಹೊಲಗಳಲ್ಲಿ ಉಗಿ ಎಂಜಿನ್ನಿನ ಚಕ್ರಗಳು ಹೂತುಹೋಗುತ್ತಿದ್ದುದರಿಂದ ಬೆಂಜಮಿನ್ ಹೋಲ್ಟ್ 1904ರ ನವೆಂಬರಿನಲ್ಲಿ ಚೈನಿನ ಯಂತ್ರವನ್ನು ಪರೀಕ್ಷಿಸಿದರು. ಅವರ ಕಂಪನಿಯೂ ಸಿ. ಎಲ್. ಬೆಸ್ಟ್ ಅವರ ಕಂಪನಿಯೂ 1925ರಲ್ಲಿ ಒಂದಾಗಿ ಕ್ಯಾಟರ್‌ಪಿಲ್ಲರ್ ಆಯಿತು. 1931ರಲ್ಲಿ ಆ ಕಂಪನಿಯ ಮೊದಲ ಡೀಸೆಲ್ ಚೈನ್ ಟ್ರ್ಯಾಕ್ಟರ್ ಹೊರಬಂದಿತು. ನಮ್ಮ ದೇಶದಲ್ಲಿ ಸ್ವಾತಂತ್ರ್ಯದ ಹೊಸತರಲ್ಲಿ, ಆಳಕ್ಕೆ ಬೇರಿಳಿಸಿದ ಕಾನ್ಸ್ ಹುಲ್ಲು ಆವರಿಸಿಕೊಂಡಿದ್ದ ಮಧ್ಯಭಾರತದ ಭೂಮಿಯನ್ನು ಸಾಗುವಳಿಗೆ ತರಲು ಇಂಥ ಯಂತ್ರಗಳೇ ಬೇಕಾದವು, ಅವುಗಳ ಖರೀದಿಗಾಗಿ 1949ರಲ್ಲಿ ವಿಶ್ವ ಬ್ಯಾಂಕ್ 1 ಕೋಟಿ ಡಾಲರ್ ಸಾಲ ನೀಡಿತು. ಮಲೆನಾಡಿನ ಮಟ್ಟಿಗೆ ಹೇಳುವುದಾದರೆ, ಲಿಂಗನಮಕ್ಕಿಯಲ್ಲಿ 1964ರಲ್ಲಿ ಮುಗಿದ ಸುಮಾರು 2.7 ಕಿಲೋಮೀಟರ್ ಉದ್ದದ ಅಣೆಕಟ್ಟಿನ ಕಾಲದಲ್ಲಿ ದುಡಿದ ಹಿರಿಯರು ‘ಚೈನ್ ಗಾಡಿ’ಯ ಸದ್ದನ್ನು ಇಂದಿಗೂ ನೆನೆಯುತ್ತಾರೆ. ಕಾಮಗಾರಿ ಮುಗಿದ ಮೇಲೆ ಅಂಥ ಯಂತ್ರಗಳು ಹರಾಜಿನ ಮೂಲಕ ಖಾಸಗಿಯವರ ಕೈಸೇರುತ್ತಿದ್ದವು. ನಮ್ಮ ತಂದೆಯವರು ಕೊಂಡದ್ದೂ ಹಾಗೆಯೇ, ಅಡಿಕೆ ತೋಟಕ್ಕೆ ಗುಡ್ಡದ ಇಳಿಜಾರನ್ನು ಮಟ್ಟ ಮಾಡಿಸಲು.

ನಮ್ಮದು ಕ್ಯಾಟರ್‌ಪಿಲ್ಲರ್ ಕಂಪನಿಯ, ಸುಮಾರು 5 ಟನ್ ತೂಗುವ ಡಿ-4 ಮಾದರಿ. ಇದರ ಮೂಲ ಎಂಜಿನ್ನನ್ನು ಚಾಲೂ ಮಾಡುವ ಕ್ರಮವನ್ನು ಇಂದಿನ ಮೆಕ್ಯಾನಿಕ್‌ಗಳಲ್ಲಿ ಹಲವರು ಕಂಡೇ ಇಲ್ಲ. ಮೊದಲು ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಕೈಯಿಂದ ಶುರುಮಾಡಬೇಕು. ಎರಡೂ ಎಂಜಿನ್ನುಗಳಲ್ಲಿ ಸುತ್ತುವ ತಂಪಿನ ನೀರು ಒಂದೇ ಆದ್ದರಿಂದ ಸಣ್ಣದರ ಶಾಖ ದೊಡ್ಡದಕ್ಕೂ ತಗಲುತ್ತದೆ. ಸಣ್ಣದರ ಹೊಗೆಕೊಳವೆ ದೊಡ್ಡದು ಉಸಿರೆಳೆಯುವ ಮಾರ್ಗದ ಮೂಲಕವೇ ಹಾದು ಒಳಹೋಗುವ ಗಾಳಿಯನ್ನೂ ಬೆಚ್ಚಗಾಗಿಸುತ್ತದೆ. ಹೀಗೆ ಸಣ್ಣದರ ಬಲದಿಂದ ದೊಡ್ಡದನ್ನು ಒಂದಿಷ್ಟು ಹೊತ್ತು ತಿರುಗಿಸಿ ಎಣ್ಣೆಯ ಒತ್ತಡ ಏರಿದ ನಂತರವೇ ಡೀಸೆಲ್ ಬಿಡುವುದು. ಧನುರ್ಮಾಸದ ಮುಂಜಾನೆಯ ಚಳಿಯಲ್ಲೂ ಬ್ಯಾಟರಿಯ ಹಂಗಿಲ್ಲದೆ ಅದು ಹೊತ್ತಿಕೊಳ್ಳುವುದನ್ನು ನೋಡಿದವರಿಗೆ ಆ ಎಂಜಿನಿಯರುಗಳ ಮೇಲೆ ಗೌರವ ಮೂಡದೆ ಇರದು.

ಮಳೆಗಾಲ ಇಂಥ ಯಂತ್ರದ ದೊಡ್ಡ ಶತ್ರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಹೊಗೆಕೊಳವೆಯ ಬಾಯಿಗೆ ಒಂದು ಡಬ್ಬಿ ಕವುಚದೆ ಬಿಟ್ಟರೆ ಸಾಕು, ನೀರು ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ. ನಮ್ಮದರಲ್ಲಿ ಆದದ್ದೂ ಅದೇ, ಎಂಜಿನ್ ತುಕ್ಕು ಹಿಡಿದು ತಿರುಗದಂತಾಗಿತ್ತು. ಡೀಸೆಲ್ ಚಿಮ್ಮಿಸುವ ನಾಜಲ್ ತೆಗೆದು ಡೀಸೆಲ್ ಮತ್ತು ಗೇರ್ ಎಣ್ಣೆ ಸುರಿದು ಮೂರು ವಾರ ಬಿಟ್ಟು, ಫ್ಲೈವೀಲನ್ನು ಸಲಾಕೆಯಿಂದ ಕೂದಲೆಳೆಯಷ್ಟೇ ಅಲುಗಿಸುತ್ತ ಹೋದರೂ ಕೊನೆಗೆ ಸಿಲಿಂಡರುಗಳಿರುವ ಬ್ಲಾಕಿನಲ್ಲೇ ಬಿರುಕು ಕಂಡಿತು. ಎಡ ಬಲ ತಿರುಗಿಸುವ ಸ್ಟಿಯರಿಂಗ್ ಕ್ಲಚ್ಚಿನ ಪ್ಲೇಟುಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು; ಅವನ್ನು ಬಿಚ್ಚಿ ಉಜ್ಜಿ ಸರಿಪಡಿಸಲು ಸಾಧ್ಯವಾಯಿತು. ಎಂಜಿನ್ ಮಾತ್ರ ಬದಲಾಗಲೇಬೇಕಾಯಿತು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಏಕೆಂದರೆ ಇದೇ ತಪ್ಪಿನಿಂದ ಒಳ್ಳೆಯ ಯಂತ್ರಗಳು ಕೆಟ್ಟು ಕಡೆಗೆ ಗುಜರಿಯ ಪಾಲಾಗುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಮೊದಲು ಹಳೆಯ ಲಾರಿಯೊಂದರ ಎಂಜಿನ್ ಕೂರಿಸಿದೆ. ಕುದುರೆಶಕ್ತಿ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಆದರೆ ಲಾರಿಯ ಡೀಸೆಲ್ ಪಂಪಿನಲ್ಲಿ ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಸಾಮಾನ್ಯವಾಗಿ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ವೇಗಗಳನ್ನಷ್ಟೇ ಕಾಯುತ್ತದೆ, ನಡುವಿನದನ್ನೆಲ್ಲ ಚಾಲಕನ ಕಾಲಿಗೆ ಬಿಡುತ್ತದೆ. ಮಣ್ಣು ತಳ್ಳುವಾಗ ಹೊರೆ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಎಂಜಿನ್ ಒಮ್ಮೆ ಮುಗ್ಗರಿಸುತ್ತಿತ್ತು, ಒಮ್ಮೆ ಕಿರುಚುತ್ತಿತ್ತು. ಲಾರಿಯ ರೇಡಿಯೇಟರಿಗೆ ಓಟದ ಗಾಳಿಯ ನೆರವು ಉಂಟು. ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ತೆವಳುವ ಯಂತ್ರಕ್ಕೆ ಅದು ಎಲ್ಲಿಯದು? ಅರ್ಧ ಗಂಟೆಗೊಮ್ಮೆ ನೀರು ಕುದಿಯತೊಡಗಿತು.

ಶಿವಮೊಗ್ಗದ ಲೇತ್ ಕೆಲಸದ ಹಿರಿಯರೊಬ್ಬರು ಸೂಚಿಸಿದ ಮೇಲೆ ಜನರೇಟರಿಗೆಂದು ತಯಾರಾದ, ನೀರಿನಿಂದ ತಂಪಾಗುವ ನಾಲ್ಕು ಸಿಲಿಂಡರಿನ ಎಂಜಿನ್ ತಂದೆ. 50 ಹರ್ಟ್ಸ್ ವಿದ್ಯುತ್ತಿಗಾಗಿ ಅದು ನಿಮಿಷಕ್ಕೆ 1500 ಸುತ್ತಿನಲ್ಲಿ ದುಡಿಯುವಂತೆ ಹೊಂದಿಸಿದ್ದು. ಡಿ-4ರ ಮೂಲ ಎಂಜಿನ್ನಿನ ವೇಗವೂ 1400ರಿಂದ 1600ರ ಆಸುಪಾಸಿನದು. ಆದ್ದರಿಂದ ಗೇರುಗಳ ಲೆಕ್ಕ ಕೆಡಲಿಲ್ಲ. ಅದರ ಗವರ್ನರ್ ಹೊರೆ ಬಿದ್ದ ಕೂಡಲೇ ತಾನಾಗಿ ಡೀಸೆಲ್ ಏರಿಸುತ್ತದೆ, ರೇಡಿಯೇಟರ್ ಮತ್ತು ಫ್ಯಾನು ನಿಂತಲ್ಲೇ ನಿಂತು ದುಡಿಯುವ ಯಂತ್ರಕ್ಕೆಂದೇ ಮಾಡಿದವು. ಅದಕ್ಕಿದ್ದ ಒಂದೇ ಕೊರತೆ ಎಂದರೆ ಜನರೇಟರ್ ಸದಾ ಸಮತಟ್ಟಿನಲ್ಲಿರುತ್ತದೆ, ನಮ್ಮ ತೋಟಗಳಾದರೋ ಇಳಿಜಾರಿನಲ್ಲಿವೆ. ಎಂಜಿನ್ ವಾಲಿದಾಗ ಎಣ್ಣೆಯೆಲ್ಲ ಒಂದು ಕಡೆ ಸರಿದು ಪಂಪು ಗಾಳಿ ಎಳೆದರೆ ಬೇರಿಂಗುಗಳು ನಿಮಿಷಗಳಲ್ಲಿ ಸುಟ್ಟುಹೋಗುತ್ತವೆ. ಆದ್ದರಿಂದ ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಸಂಪನ್ನು ಆಳಮಾಡಿಸಿ, ಒಳಗೆ ಅಡ್ಡ ತಗಡುಗಳನ್ನು ಬೆಸೆದು, ಪಂಪು ಎಣ್ಣೆ ಎಳೆಯುವ ಜಾಲರಿಯನ್ನು ತಳಕ್ಕೆ ಇಳಿಸಬೇಕಾಯಿತು. ಎಂಜಿನ್ನಿಗೂ ಹಳೆಯ ಕ್ಲಚ್ಚಿಗೂ ನಡುವಿನ ಜೋಡಣೆಯ ಪ್ಲೇಟನ್ನು ಕೊರೆಸಿ, ಡಯಲ್ ಗೇಜ್ ಹಿಡಿದು ನೇರ ಮಾಡಲು ಎರಡು ದಿನ ಹಿಡಿಯಿತು. ಈ ಎರಡು ದಿನಗಳನ್ನು ಉಳಿಸಲು ಹೋಗುವವರು ಮುಂದೆ ಕ್ಲಚ್ ಶಾಫ್ಟನ್ನೇ ಕಳೆದುಕೊಳ್ಳುತ್ತಾರೆ.

ಮೂಲ ಚಾಸಿಸ್‌ನಲ್ಲಿ ನಾವು ಎಲ್ಲಿಯೂ ಕತ್ತರಿಸಲಿಲ್ಲ, ಹೊಸ ತೂತು ಕೊರೆಯಲಿಲ್ಲ. ಬಿರುಕು ಬಿಟ್ಟ ಬ್ಲಾಕನ್ನೂ ಆ ಪುಟ್ಟ ಪೆಟ್ರೋಲ್ ಎಂಜಿನ್ನನ್ನೂ ಗ್ರೀಸ್ ಬಳಿದು ಕೊಟ್ಟಿಗೆಯಲ್ಲಿಟ್ಟಿದ್ದೇವೆ. ಮುಂದೆ ಯಾರಾದರೂ ಬ್ಲಾಕ್ ಸರಿಪಡಿಸಿದರೆ ಯಂತ್ರ ಮೊದಲಿನಂತೆಯೇ ಆಗಬಲ್ಲದು. ಎಂಜಿನ್ ಬದಲಿಸುವವರೆಲ್ಲ ಇಷ್ಟನ್ನಾದರೂ ಪಾಲಿಸಬೇಕೆಂಬುದು ನನ್ನ ಮನವಿ.

ಚೈನು ಸವೆದಿದೆ ಎಂಬ ಕಾರಣಕ್ಕೇ ಯಂತ್ರವನ್ನು ಮಾರುವವರಿದ್ದಾರೆ. ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನು ಮತ್ತು ಬುಷ್ಷುಗಳು ಒಂದೇ ಬದಿ ಸವೆಯುತ್ತವೆ. ಪ್ರೆಸ್ಸಿನಲ್ಲಿ ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಚೈನಿಗೆ ಇನ್ನೊಂದು ಆಯಸ್ಸು ಬರುತ್ತದೆ. 1923ರಲ್ಲೇ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಜಿಲ್ಲೆ ನಮ್ಮದು. ಎರಕದ ಕಾರ್ಖಾನೆಗಳು, ಲೇತ್ ಅಂಗಡಿಗಳು, ಡೀಸೆಲ್ ಪಂಪ್ ಸರಿಪಡಿಸುವವರು ಎಲ್ಲರೂ ಶಿವಮೊಗ್ಗದಲ್ಲೇ ಸಿಗುತ್ತಾರೆ, ಈ ಕೆಲಸಕ್ಕೆ ಹೊರರಾಜ್ಯಕ್ಕೆ ಹೋಗಬೇಕಾಗಿಲ್ಲ.

ಆದರೆ ಕಾನೂನಿನ ಕಣ್ಣಿಗೆ ಈ ಯಂತ್ರಗಳು ಬಿದ್ದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಶ್ರೀಮಂತರ ಕಾರಿಗೆ ಸಿಕ್ಕ ಈ ಮನ್ನಣೆ ಅಣೆಕಟ್ಟಿನ ಏರಿಗೆ ಮಣ್ಣು ತಳ್ಳಿದ ಯಂತ್ರಕ್ಕೆ ಇಲ್ಲದಿರುವುದು ನೋವಿನ ಸಂಗತಿ. ನಿಯಮ ಬದಲಾಗಲು ಕಾಲ ಹಿಡಿಯಬಹುದು. ಅಲ್ಲಿಯವರೆಗೆ ಜಿಲ್ಲಾಡಳಿತವೇ ಒಂದು ಸುತ್ತೋಲೆ ಹೊರಡಿಸಿ, 50 ವರ್ಷ ಮೀರಿದ ಚೈನ್ ಟ್ರ್ಯಾಕ್ಟರ್, ರೋಡ್ ರೋಲರ್‌ಗಳನ್ನು ತೂಕದ ಹರಾಜಿನಿಂದ ಹೊರಗಿಡುವಂತೆ ಎಲ್ಲ ಇಲಾಖೆಗಳಿಗೂ ಸೂಚಿಸಬಹುದು. ಅವುಗಳ ಫಲಕದ ಫೋಟೊ ಮತ್ತು ಕ್ರಮಸಂಖ್ಯೆಯನ್ನು ಹರಾಜಿನ ಪ್ರಕಟಣೆಯಲ್ಲೇ ಅಚ್ಚುಮಾಡಿಸಬೇಕು. ಜಿಲ್ಲೆಯ ಐಟಿಐ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಬೇಡವೆಂದ ಮೇಲಷ್ಟೇ ಉಳಿದವರಿಗೆ ಕೊಡಬೇಕು. ಡೀಸೆಲ್ ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಪ್ರತಿಯೊಂದು ಭಾಗವೂ ಬರಿಗಣ್ಣಿಗೆ ಕಾಣುವ ಇಂಥ ಎಂಜಿನ್ನಿಗಿಂತ ಒಳ್ಳೆಯ ಪಾಠ ನನಗೆ ತೋಚದು.

ಯಾವುದೇ ಕಾಲೇಜಿನವರು ಮುಂದೆ ಬಂದರೆ ನಮ್ಮ ಯಂತ್ರವನ್ನು ಬಿಚ್ಚಿ ತೋರಿಸಲು, ಜೋಡಣೆಯ ಪ್ಲೇಟಿನ ಅಳತೆಗಳನ್ನು ಕೊಡಲು ನಾನು ಸಿದ್ಧನಿದ್ದೇನೆ. ಮಳೆ ಹಿಡಿಯುವ ಮುನ್ನ ಬಂದರೆ ತೋಟದ ಇಳಿಜಾರಿನಲ್ಲೇ ಅದನ್ನು ಓಡಿಸಿ ನೋಡಬಹುದು.

ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು