ಬ್ಯಾಗಿನಲ್ಲಿರುವ ಲೆನ್ಸುಗಳ ಬಗ್ಗೆ

ಉಡುಪಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮಂಗಳೂರಿನ ಕೆಲಸ, ರೂಮು ಎರಡೂ ನಿನಗೆ ಹಿಡಿಸಿದೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಕ್ಯಾಮೆರಾಕ್ಕೆ ಇನ್ನೂ ಎರಡು ಲೆನ್ಸ್ ತಗೊಂಡು, ಬ್ಯಾಗಿನಲ್ಲೇ ಹಾಕಿ ಕಪಾಟಿನ ಮೇಲೆ ಇಟ್ಟಿದ್ದೀಯಂತೆ. ಅದನ್ನು ಕೇಳಿಯೇ ಈ ಪತ್ರ ಬರೆಯುತ್ತಿದ್ದೇನೆ.

ಇವತ್ತೇ ಹೊರಗೆ ತೆಗೆ. ಬ್ಯಾಗ್ ಇರುವುದು ಹೊತ್ತುಕೊಂಡು ಹೋಗಲಿಕ್ಕೆ, ಮನೆಯಲ್ಲಿ ಇಡಲಿಕ್ಕೆ ಅಲ್ಲ. ನೀನು ಬೆಳೆದ ವಿಜಯಪುರದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿ ಧೂಳಿನದ್ದೇ ಭಯ. ಇಲ್ಲಿ ಮಳೆ 3500 ದಾಟುತ್ತದೆ. ಜುಲೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ? ಬ್ಯಾಗಿನ ಸ್ಪಂಜು ಆ ತೇವವನ್ನೆಲ್ಲ ಹೀರಿ ಹಿಡಿದುಕೊಳ್ಳುತ್ತದೆ. ಒಳಗೆ ಕತ್ತಲೆ ಬೇರೆ. ಚಪ್ಪಲಿಗೆ, ಬೆಲ್ಟಿಗೆ ಹಿಡಿಯುವ ಬೂಷ್ಟು ಲೆನ್ಸಿನ ಒಳಗಾಜಿಗೂ ಹಿಡಿಯುತ್ತದೆ. ಮೊದಲು ಜೇಡರ ಬಲೆಯಂಥ ಸಣ್ಣ ಎಳೆ ಕಾಣುತ್ತದೆ. ಹಾಗೇ ಬಿಟ್ಟರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ತಿನ್ನುತ್ತದೆ. ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ.

ದುಡ್ಡು ಕೂಡಿದಾಗ ಡ್ರೈ ಕ್ಯಾಬಿನೆಟ್, ಅಂದರೆ ಒಳಗಿನ ತೇವ ತಾನೇ ಕಡಿಮೆ ಇಡುವ ಕಪಾಟು, ತಗೋ. ಸದ್ಯಕ್ಕೆ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ ಸಾಕು. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು ಮತ್ತು ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಡು. ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಫಂಗಸ್‌ಗೆ ಹಬ್ಬ. ಜೆಲ್ ತಗೊಳ್ಳುವಾಗ ಕಿತ್ತಳೆ ಬಣ್ಣದ್ದು ನೋಡು, ನೀಲಿಯದರಲ್ಲಿ ಮೈಗೆ ಒಳ್ಳೆಯದಲ್ಲದ ಕೋಬಾಲ್ಟ್ ಇರುತ್ತದೆ. ಕಾಳುಗಳ ಬಣ್ಣ ತಿರುಗಿದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿಸಿ, ಮತ್ತೆ ಹಾಕು. ಅದಕ್ಕೆ ಅಡುಗೆಯ ಬಾಣಲೆ ಮಾತ್ರ ಬೇಡ, ಬೇರೆಯೇ ಇಟ್ಟುಕೋ. ಜೆಲ್ ಬದಲು ಅಕ್ಕಿ ಹಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡ. ಅದರ ಹುಡಿ ಲೆನ್ಸಿಗೆ ಕೂರುತ್ತದೆ. ಚರ್ಮದ ಪೌಚ್ ಇದ್ದರೆ ಅದೂ ಡಬ್ಬದ ಹೊರಗೇ ಇರಲಿ.

ಮಳೆಯಲ್ಲಿ ತಿರುಗಿ ಬಂದ ದಿನ ಲೆನ್ಸನ್ನು ಸೀದಾ ಡಬ್ಬಕ್ಕೆ ಹಾಕಬೇಡ. ಹೊರಮೈ ಒರೆಸಿ, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಹಾಕು. ವಾರಕ್ಕೊಮ್ಮೆಯಾದರೂ ಎರಡನ್ನೂ ಹೊರತೆಗೆದು ನಾಲ್ಕು ಫೋಟೋ ಹೊಡಿ. ಸುಮ್ನೆ ಕೂತ ಲೆನ್ಸಿಗೇ ಕಾಟ ಜಾಸ್ತಿ.

ಹೊರಗೆ ಒಯ್ಯುವಾಗ ಹಿಂದೆ ಮುಂದೆ ಎರಡೂ ಕ್ಯಾಪ್ ಹಾಕು. ಒಂದೊಂದು ಲೆನ್ಸಿಗೆ ಒಂದೊಂದು ಖಾನೆ ಇರಲಿ, ಗಾಜಿಗೆ ಗಾಜು ತಾಗಬಾರದು. ಸ್ಕೂಟರಿನಲ್ಲಿ ಹೋಗುವಾಗ ಬ್ಯಾಗ್ ನಿನ್ನ ಬೆನ್ನ ಮೇಲಿರಲಿ. ಕಾಲ ಬಳಿ ಇಟ್ಟರೆ ಅದುರಿ ಅದುರಿ ಒಳಗಿನ ಸ್ಕ್ರೂ ಸಡಿಲವಾಗುತ್ತದೆ. ಎಸಿ ಬಸ್ಸಿನಿಂದ ಇಳಿದ ಕೂಡಲೇ ಜಿಪ್ ತೆರೆಯಬೇಡ, ತಣ್ಣಗಿನ ಗಾಜಿನ ಮೇಲೆ ನೀರು ಕಟ್ಟುತ್ತದೆ. ಅರ್ಧ ಗಂಟೆ ತಡಿ.

ಮಳೆ ಮುಗಿದು ಸೇಂಟ್ ಮೇರಿಸ್ ದ್ವೀಪದ ದೋಣಿ ಶುರುವಾದರೆ ನೀನು ಹೋಗದೆ ಇರುವವಳಲ್ಲ. ಯಾವ ಲೆನ್ಸ್ ಬೇಕೆಂದು ಮಲ್ಪೆಯಲ್ಲೇ ಯೋಚಿಸಿ, ದೋಣಿ ಹತ್ತುವ ಮೊದಲೇ ಹಾಕಿಕೋ. ಉಳಿದದ್ದು ಜಿಪ್ ಕವರಿನೊಳಗೆ ಇರಲಿ. ಉಪ್ಪುಗಾಳಿಯಲ್ಲಿ, ಮರಳಿನಲ್ಲಿ ಲೆನ್ಸ್ ಬದಲಾಯಿಸಲೇಬೇಡ. ಕಂಬಳದ ಗದ್ದೆಯ ಬದಿಯಲ್ಲೂ ಅಷ್ಟೇ, ಕೋಣ ಓಡಿದರೆ ಕೆಸರು ಎಲ್ಲಿಯವರೆಗೆ ಹಾರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ.

ಈ ಪತ್ರ ಓದಿದ ಕೂಡಲೇ ಎರಡೂ ಲೆನ್ಸಿಗೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡು. ಬಿಳಿ ಎಳೆ ಕಂಡರೆ ನೀನೇ ಬಿಚ್ಚಲಿಕ್ಕೆ ಹೋಗಬೇಡ. ಅದನ್ನು ಬೇರೆ ಇಟ್ಟು ನನಗೆ ಫೋನ್ ಮಾಡು, ರಿಪೇರಿಯವರ ಹತ್ತಿರ ಒಟ್ಟಿಗೆ ಹೋಗುವ.

ನಿನ್ನ ಮಾವ