ಚೀಸ್ ತಟ್ಟೆ ಇಡುವ ಮುನ್ನ

ಆತ್ಮೀಯರೇ,

ಡಿಸೆಂಬರ್ ಬಂತು. ಮ್ಯಾಸಚೂಸೆಟ್ಸ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಮಕ್ಕಳಿಗೆ ರಜೆ, ಊರಿಂದ ಬಂದ ಅಪ್ಪ-ಅಮ್ಮ ಮನೆಯಲ್ಲಿ, ಬಾಗಿಲ ಬಳಿ ರಾಶಿ ಬೂಟುಗಳು. ಮೊದಲೆಲ್ಲ ನೆಂಟರಿಗೆ ಚಕ್ಕುಲಿ, ಕೋಡುಬಳೆ ತಟ್ಟೆ ಸಾಕಿತ್ತು. ಈಗ ಅದರ ಪಕ್ಕದಲ್ಲಿ ಹಣ್ಣು-ಚೀಸ್ ತಟ್ಟೆಯೂ ಬಂದಿದೆ. ನನಗಂತೂ ಇದು ತುಂಬ ಇಷ್ಟ. ಒಲೆ ಹಚ್ಚುವ ಕೆಲಸವಿಲ್ಲ, ಕೂತು ಮಾತಾಡಬಹುದು.

ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಮಾತು ಹೇಳಲೇಬೇಕು. ತಟ್ಟೆಯಲ್ಲಿ ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಇಟ್ಟಿದ್ದೆ. ಗೆಳತಿಯ ತಾಯಿ ಒಂದು ಚೂರು ಕೈಯಲ್ಲಿ ಹಿಡಿದು, "ಇದರಲ್ಲಿ ಮಾಂಸದ್ದೇನೂ ಇಲ್ಲ ಅಲ್ವಾ?" ಅಂತ ಕೇಳಿದರು. "ಬರೀ ಹಾಲು ಅಮ್ಮಾ, ತಗೊಳ್ಳಿ" ಅಂದೆ. ನನ್ನ ಮಾತು ನಂಬಿ ತಿಂದರು. ಅವರು ಹೊರಟ ಮೇಲೆ ಚೀಸ್ ಸುತ್ತಿದ್ದ ಕಾಗದ ಓದಿದೆ. ಬರೀ ಹಾಲಲ್ಲ, ರೆನೆಟ್ ಕೂಡ ಇತ್ತು. ಮರುದಿನ ಫೋನ್ ಮಾಡಿ ಹೇಳಿದೆ. "ಗೊತ್ತಿಲ್ಲದೆ ಆಗಿದ್ದು, ಬಿಡಮ್ಮ" ಅಂದರು. ನನಗೆ ಮಾತ್ರ ಸುಮ್ನೆ ಬಿಡಲಾಗಲಿಲ್ಲ.

ಮೊಸರಿಗೆ ನಾವು ಹೆಪ್ಪು ಹಾಕುವ ಹಾಗೆ ಚೀಸ್ ಮಾಡುವಾಗ ಹಾಲು ಒಡೆಯಲು ಹಾಕುವುದು ರೆನೆಟ್. ಹಳೆಯ ಕ್ರಮದಲ್ಲಿ ಅದನ್ನು ಕೊಂದ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ರೆನೆಟ್ಟೇ ಆಗಬೇಕು, ನಿಯಮವೇ ಹಾಗಿದೆ. ಬೇರೆ ಬಹಳಷ್ಟು ಚೀಸ್‌ಗಳಿಗೆ ಈ ಕಟ್ಟುಪಾಡಿಲ್ಲ. ವಂಶವಾಹಿ ಮಾರ್ಪಡಿಸಿದ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್‌ಗೆ ಅಮೆರಿಕದ ಆಹಾರ-ಔಷಧ ಇಲಾಖೆ (ಎಫ್‌ಡಿಎ) 1990ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಇಲ್ಲಿ ತಯಾರಾಗುವ ಚೀಸ್‌ನಲ್ಲಿ ಅದೇ ಜಾಸ್ತಿ.

ಆದ್ದರಿಂದ ಅಂಗಡಿಯಲ್ಲೇ ಒಂದು ನಿಮಿಷ ನಿಂತು ಲೇಬಲ್ ಓದಿ. 'ಮೈಕ್ರೋಬಿಯಲ್' ಅಥವಾ 'ವೆಜಿಟೇರಿಯನ್ ರೆನೆಟ್' ಅಂತ ಇದ್ದರೆ ನಿಶ್ಚಿಂತೆ. ಬರೀ 'ಎನ್ಜೈಮ್ಸ್' ಅಂತ ಇದ್ದರೆ ಯಾವುದೂ ಇರಬಹುದು, ಅದನ್ನು ಬಿಟ್ಟು ಬೇರೆ ತಗೊಳ್ಳಿ. ಮನೆಗೆ ತಂದ ಮೇಲೆ ಪ್ರತಿ ಚೀಸ್ ಮುಂದೆ ಹೆಸರು ಬರೆದ ಪುಟ್ಟ ಚೀಟಿ ಇಡಿ. ಹಿರಿಯರು ಹತ್ತು ಸಲ ಕೇಳುವ ಮುಜುಗರ ತಪ್ಪುತ್ತದೆ.

ಮೂರು ಬಗೆ ಚೀಸ್ ಸಾಕು. ಗಟ್ಟಿಯಾದ ವರ್ಮಾಂಟ್ ಚೆಡ್ಡರ್, ಮೆತ್ತನೆಯ ಬ್ರೀ, ಮಕ್ಕಳಿಗೆ ಗೌಡಾ. ಊಟ ಬೇರೆ ಇದ್ದರೆ ಒಬ್ಬರಿಗೆ 50 ಗ್ರಾಂ ಲೆಕ್ಕ ಹಿಡಿಯಿರಿ. ಬ್ರೀ ಮೇಲಿನ ಬಿಳಿ ಪೊರೆಯನ್ನು ನಮ್ಮವರು ಸಾಮಾನ್ಯವಾಗಿ ಸುಲಿದು ಬಿಸಾಡುತ್ತಾರೆ. ಅದನ್ನೂ ತಿನ್ನಬಹುದು. ಫ್ರಿಜ್‌ನಿಂದ ಸುಮಾರು ಮುಕ್ಕಾಲು ಗಂಟೆ ಮೊದಲೇ ತೆಗೆದಿಡಿ. ತಣ್ಣಗಿದ್ದರೆ ಚೀಸ್‌ಗೆ ರುಚಿಯೇ ಬರುವುದಿಲ್ಲ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಮನೆಗೆ ಬಸುರಿಯರು ಬರುವುದಿದ್ದರೆ ಪಾಶ್ಚರೀಕರಿಸಿದ ಹಾಲಿನ ಗಟ್ಟಿ ಚೀಸನ್ನೇ ಅವರಿಗೆ ಕೊಡಿ.

ಹಣ್ಣು ನಿಮ್ಮಿಷ್ಟ. ಪೇರ್, ಸೇಬು, ಕಿತ್ತಳೆ, ಒಣ ಅಂಜೂರ. ಹೆಚ್ಚಿದ ಸೇಬಿಗೆ ನಿಂಬೆರಸ ಸವರಿದರೆ ಬೇಗ ಕಪ್ಪಾಗುವುದಿಲ್ಲ. ದಾಳಿಂಬೆ ಕಾಳನ್ನು ಬೇರೆ ಬಟ್ಟಲಲ್ಲಿಡಿ, ಇಲ್ಲದಿದ್ದರೆ ಬ್ರೀ ಎಲ್ಲ ಕೆಂಪು. ತೊಳೆದ ದ್ರಾಕ್ಷಿಯನ್ನು ಬಟ್ಟೆಯಲ್ಲಿ ಒರೆಸದೆ ಬಿಸ್ಕತ್ತಿನ ಪಕ್ಕ ಇಟ್ಟರೆ ಬಿಸ್ಕತ್ತು ಮೆತ್ತಗಾಗುತ್ತದೆ.

ದ್ರಾಕ್ಷಿ ಅಂದಾಗ ಆ ತಾಯಿಯೇ ಮತ್ತೆ ನೆನಪಾದರು. ಅವರದು ದೇವನಹಳ್ಳಿ ಕಡೆ. ಈ ಸಲ ದಸರೆಗೆ ನಮ್ಮ ಮನೆಗೆ ಬಂದಾಗ ಬುಟ್ಟಿಯಲ್ಲಿ ಕಾಂಕರ್ಡ್ ದ್ರಾಕ್ಷಿ ಇತ್ತು. ನಮ್ಮ ಪಕ್ಕದ ಕಾಂಕರ್ಡ್ ಊರಿನಲ್ಲೇ 1849ರಲ್ಲಿ ಎಫ್ರೇಮ್ ಬುಲ್ ಬೆಳೆಸಿದ ತಳಿ ಅದು. ಅವರು ಒಂದನ್ನು ಬಾಯಿಗೆ ಹಾಕಿ ಒತ್ತಿದರು. ತಿರುಳು ಜಾರಿ ಸಿಪ್ಪೆ ಬೇರೆಯಾಯಿತು. ಕಣ್ಣರಳಿಸಿ, "ನಮ್ಮ ನೀಲಿ ದ್ರಾಕ್ಷಿ ವಾಸನೆ ಕಣಮ್ಮ ಇದು!" ಅಂದರು. ನಿಜ, ಬೆಂಗಳೂರು ನೀಲಿ ದ್ರಾಕ್ಷಿಯೂ ಕಾಂಕರ್ಡೂ ಒಂದೇ ಅಮೆರಿಕನ್ ಕುಲಕ್ಕೆ ಸೇರಿದವು. ಅದೇ ಬೀಜ, ಅದೇ ಹುಳಿ-ಸಿಹಿ, ಕೈಗೆ ಅಂಟುವ ಅದೇ ಘಮ.

ಡಿಸೆಂಬರಿಗೆ ಆ ಹಣ್ಣು ಸಿಗುವುದಿಲ್ಲ. ಅದಕ್ಕೆ ಅಕ್ಟೋಬರಿನಲ್ಲೇ ಎರಡು ಬಾಟಲಿ ಜಾಮ್ ಮಾಡಿಟ್ಟೆ. ಹಳೆಯ ಚೆಡ್ಡರ್ ಮೇಲೆ ಅರ್ಧ ಚಮಚ ಹಾಕಿದರೆ ಉಪ್ಪು, ಹುಳಿ, ಸಿಹಿ ಒಟ್ಟಿಗೆ ಬರುತ್ತದೆ. ಒಂದು ಬಾಟಲಿ ಮಕ್ಕಳು ಖಾಲಿ ಮಾಡಿದ್ದಾರೆ. ಇನ್ನೊಂದನ್ನು ತೆಗೆದಿಟ್ಟಿದ್ದೇನೆ. ಕ್ರಿಸ್‌ಮಸ್ ರಜೆಯಲ್ಲಿ ಅವರು ಮತ್ತೆ ಬರುತ್ತಿದ್ದಾರೆ. ಚೆಡ್ಡರ್‌ನ ಲೇಬಲ್ ಕೂಡ ಕತ್ತರಿಸಿ ಇಟ್ಟುಕೊಂಡಿದ್ದೇನೆ, ಅವರ ಕೈಗೇ ಕೊಡಲು.