ಅನಿಮೋನ್ ನೆಡಲು ನಮ್ಮೂರಿನ ತಿಂಗಳು ಹೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೈತೋಟದ ಪುಟ ಬಂದರೆ ನಮ್ಮ ಮನೆಯಲ್ಲಿ ಮೊದಲು ಓದುವುದು ಅದನ್ನೇ. ಹೋದ ವಾರ ವಸಂತದಲ್ಲಿ ಅರಳುವ ಅನಿಮೋನ್ ಹೂವಿನ ಬಗ್ಗೆ ಹಾಕಿದ್ದಿರಿ. ಫೋಟೊ ಚೆಂದ ಇತ್ತು. ಆದರೆ ಮಾರ್ಚ್‌ನಲ್ಲಿ ಗೆಡ್ಡೆ ನೆಡಿ, ದಿನಾ ನೀರು ಹಾಕಿ, ಮಣ್ಣು ಯಾವುದಾದರೂ ನಡೆಯುತ್ತದೆ ಎಂದು ಬರೆದದ್ದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಈ ಮೂರೂ ಮಾತು ನಡೆಯುವುದಿಲ್ಲ. ಓದಿದವರು ನಂಬಿ ದುಡ್ಡು ಹಾಕುತ್ತಾರೆ, ಆಮೇಲೆ ಗೆಡ್ಡೆ ಕೊಳೆತರೆ ತಮ್ಮ ಕೈಗುಣ ಸರಿ ಇಲ್ಲ ಅಂದುಕೊಂಡು ತೋಟದ ಆಸೆಯನ್ನೇ ಬಿಡುತ್ತಾರೆ.

ಮೊದಲು ಈ ಗಿಡದ ತವರು ನೋಡಿ. ನಮಗೆ ಪ್ಯಾಕೆಟ್‌ನಲ್ಲಿ ಸಿಗುವ ದೊಡ್ಡ ಹೂವಿನ ಜಾತಿ ಅನಿಮೋನ್ ಕೊರೊನೇರಿಯಾ. ಗ್ರೀಸ್, ಟರ್ಕಿ, ಇಸ್ರೇಲ್ ಹೀಗೆ ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಅದು ತಾನಾಗಿ ಬೆಳೆಯುತ್ತದೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಮೊದಲ ಮಳೆಗೆ ಗೆಡ್ಡೆ ಏಳುತ್ತದೆ, ಚಳಿಯಲ್ಲಿ ಎಲೆ ಬಿಡುತ್ತದೆ, ಹೂವಾಗುತ್ತದೆ, ಬಿಸಿಲು ಏರಿದ ಕೂಡಲೇ ಎಲೆ ಒಣಗಿಸಿಕೊಂಡು ಮಣ್ಣಿನೊಳಗೆ ಮಲಗಿಬಿಡುತ್ತದೆ. ಇಸ್ರೇಲ್ 2013ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಹೂವು ಮಾಡಿಕೊಂಡಿತು. ಅಲ್ಲಿಯ ನೆಗೆವ್ ಪ್ರದೇಶದ ಉತ್ತರ ಭಾಗದಲ್ಲಿ ಬಯಲಿಗೆ ಬಯಲೇ ಕೆಂಪಾಗುವುದು ಜನವರಿ ಕೊನೆ, ಫೆಬ್ರುವರಿ ಹೊತ್ತಿಗೆ, ಅದನ್ನು ನೋಡಲೆಂದೇ ಜನ ಕುಟುಂಬ ಸಮೇತ ಹೋಗುತ್ತಾರೆ. ಅಂದರೆ ತವರಿನಲ್ಲೂ ಇದು ಚಳಿ ಇಳಿಯುವಾಗಿನ ಹೂವು. ಏಪ್ರಿಲ್, ಮೇ ತಿಂಗಳಲ್ಲಿ ಅರಳುತ್ತದೆ ಎಂಬುದು ಇಂಗ್ಲೆಂಡ್, ಹಾಲೆಂಡ್‌ನಂಥ ತಂಪು ದೇಶಗಳ ಲೆಕ್ಕ. ನಿಮ್ಮ ಬರಹ ಆ ಲೆಕ್ಕವನ್ನು ಹಾಗೇ ಎತ್ತಿಕೊಂಡಿದೆ.

ನಮ್ಮಲ್ಲಿ ಎಲ್ಲಾ ಉಲ್ಟಾ. ಮಳೆ ಜೂನ್‌ನಿಂದ ಶುರು, ಸೆಪ್ಟೆಂಬರ್ ತನಕ ಮುಂಗಾರು, ಆಮೇಲೆ ಅಕ್ಟೋಬರ್‌ನಲ್ಲಿ ಹಿಂಗಾರಿ ಮಳೆ. ಅನಿಮೋನ್ ಗೆಡ್ಡೆ ಒಣಗಿ ಮಲಗಬೇಕಾದ ತಿಂಗಳಲ್ಲೇ ನಮ್ಮ ಮಣ್ಣು ನೀರು ಕುಡಿದು ಕೂತಿರುತ್ತದೆ. ನಮ್ಮ ಗೌರಿ ಹೂವನ್ನೇ ನೋಡಿ. ಅದರದೂ ಗೆಡ್ಡೆಯೇ. ಮುಂಗಾರಿಗೆ ಎದ್ದು ಬೇಲಿ ಹತ್ತಿ, ಗೌರಿ ಗಣೇಶ ಹಬ್ಬದ ಹೊತ್ತಿಗೆ ಕೆಂಪು ಹಳದಿ ಹೂ ಬಿಟ್ಟು, ಮಳೆ ನಿಂತಮೇಲೆ ಒಣಗಿ ಹೋಗುತ್ತದೆ, ಯಾರೂ ಅದಕ್ಕೆ ನೀರು ಹಾಕಿದ್ದಿಲ್ಲ. ಆ ಗೆಡ್ಡೆಗೆ ನಮ್ಮ ಮಳೆಯ ಲೆಕ್ಕ ಗೊತ್ತು. ಅನಿಮೋನ್‌ಗೆ ಗೊತ್ತಿಲ್ಲ. ಅದಕ್ಕೆ ನಾವೇ ಮಳೆ ಮತ್ತು ಒಣಗಾಲ ಎರಡನ್ನೂ ಮಾಡಿಕೊಡಬೇಕು. ನೀರಿನ ಕ್ಯಾನ್ ನಮ್ಮ ಕೈಯಲ್ಲಿದೆ, ಹಾಗಾಗಿ ಅದೇನು ದೊಡ್ಡ ಕಷ್ಟ ಅಲ್ಲ. ಆದರೆ ಚಳಿ ನಮ್ಮ ಕೈಯಲ್ಲಿಲ್ಲ ಅಲ್ವಾ? ಧಾರವಾಡದಲ್ಲಿ ಡಿಸೆಂಬರ್, ಜನವರಿಯ ರಾತ್ರಿ 14–15 ಡಿಗ್ರಿಗೆ ಇಳಿಯುತ್ತದೆ, ಕೆಲವು ಸಲ ಇನ್ನೂ ಕಡಿಮೆ. ಈ ಗಿಡ ಬಯಸುವುದು ಹಗಲು 20 ಡಿಗ್ರಿ ಆಸುಪಾಸು, ರಾತ್ರಿ ಹತ್ತರ ಸುತ್ತ. ನಮ್ಮಲ್ಲಿ ಹಗಲು 28–30 ಇರುತ್ತದೆ. ರಾತ್ರಿಯ ಚಳಿ ನಂಬಿಕೊಂಡು ಮಾಡುವ ಕೆಲಸ ಇದು. ಮಾರ್ಚ್‌ನಲ್ಲಿ ನೆಟ್ಟರೆ ಚಿಗುರು ಬರುವ ಹೊತ್ತಿಗೆ ಬಿಸಿಲು 37 ಡಿಗ್ರಿ ಮುಟ್ಟಿರುತ್ತದೆ. ಮುಗಿಯಿತು.

ಹಾಗಾದರೆ ಯಾವಾಗ? ಸೀಗಿ ಹುಣ್ಣಿಮೆ ಕಳೆದು, ಹಿಂಗಾರಿ ಮಳೆಯ ಜೋರು ಇಳಿದು, ದೀಪಾವಳಿ ಹಣತೆ ಹಚ್ಚುವ ಹೊತ್ತಿಗೆ ನೆಡಿ. ನವೆಂಬರ್ ಮಧ್ಯ ದಾಟಿಸಬೇಡಿ. ಮೂರು ನಾಲ್ಕು ವಾರಕ್ಕೆ ಕೊತ್ತಂಬರಿಯಂಥ ಸೀಳು ಎಲೆ ಮಣ್ಣಿನಿಂದ ಮೇಲೆ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ನೀವು ಹೊಲಕ್ಕೆ ಚರಗ ಚೆಲ್ಲಲು ಹೋಗುವ ಹೊತ್ತಿಗೆ ಕುಂಡದ ತುಂಬ ಎಲೆ ಇರಬೇಕು. ಸಂಕ್ರಾಂತಿ ಆದಮೇಲೆ ಹೂ ಶುರು. ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತಾ ಹೋಗುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ, ಅನಿಮೋನ್ ಕೂಡ ಅದರ ಜೊತೆಗೇ ಹೊರಡುತ್ತದೆ. ಹೋಳಿ ಹುಣ್ಣಿಮೆಗೆ ಎಲೆ ಹಳದಿ. ಇದಕ್ಕಿಂತ ಜಾಸ್ತಿ ದಿನ ಹೂ ಬೇಕು ಎಂದರೆ ನೀವು ಊಟಿಗೆ ಮನೆ ಬದಲಾಯಿಸಬೇಕು.

ಗೆಡ್ಡೆ ನೋಡಿದರೆ ಒಣ ಶುಂಠಿಯ ಚೂರಿನ ಹಾಗೆ ಇರುತ್ತದೆ. ಕಲ್ಲಿನಷ್ಟು ಗಟ್ಟಿ. ಸತ್ತಿದೆ ಅಂದುಕೊಂಡು ಎಸೆಯಬೇಡಿ. ಸಂಜೆ ನೀರಿನಲ್ಲಿ ಹಾಕಿ ನಾಲ್ಕೈದು ತಾಸು ನೆನೆಸಿ, ಉಬ್ಬಿ ದಪ್ಪ ಆಗುತ್ತದೆ. ನಮ್ಮ ಕಡೆ ಸೆಖೆಯಲ್ಲಿ ದಿನಗಟ್ಟಲೆ ನೀರಲ್ಲೇ ಬಿಟ್ಟರೆ ಅಲ್ಲೇ ಕೊಳೆಯಲು ಶುರು. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗದಿದ್ದರೆ ಅಡ್ಡಡ್ಡ ಮಲಗಿಸಿ, ಚಿಗುರು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಮೂರು ಬೆರಳು ಆಳ ಸಾಕು. ಒಂದಕ್ಕೊಂದು ನಾಲ್ಕೈದು ಇಂಚು ಬಿಡಿ. ಹತ್ತಿಂಚಿನ ಕುಂಡಕ್ಕೆ ನಾಲ್ಕೈದು ಗೆಡ್ಡೆ ಸರಿ ಹೋಗುತ್ತದೆ. ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಚಿಗುರು ಕಾಣುವ ತನಕ ಮಣ್ಣು ಪೂರ್ತಿ ಒಣಗದಂತೆ ನೋಡಿಕೊಂಡರೆ ಆಯಿತು. ದಿನಾ ನೀರು ಹಾಕುವುದೇ ಇದನ್ನು ಕೊಲ್ಲುವ ಸುಲಭದ ದಾರಿ. ಎಲೆ ಬಂದಮೇಲೆ ನೀರು ಜಾಸ್ತಿ ಬೇಕು, ಆಗಲೂ ಮೇಲಿನ ಮಣ್ಣಿಗೆ ಬೆರಳು ಇಟ್ಟು ನೋಡಿಯೇ ಹಾಕಿ.

ಮಣ್ಣಿನ ವಿಷಯಕ್ಕೆ ಬಂದರೆ ನಿಮ್ಮ ಬರಹ ನನಗೆ ಸಿಟ್ಟೇ ತರಿಸಿತು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದ, ಗದಗ ಅಂತ ಹೋದಷ್ಟೂ ಎರೆ ಮಣ್ಣು. ಹತ್ತಿಗೆ, ಕಡಲೆಗೆ, ಬಿಳಿಜೋಳಕ್ಕೆ ಬಂಗಾರ. ಮಳೆ ನೀರನ್ನು ತಿಂಗಳುಗಟ್ಟಲೆ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ ಎಂದೇ ಹಿಂಗಾರಿ ಬೆಳೆ ಬರೀ ಇಬ್ಬನಿ ಮತ್ತು ಆ ತೇವದ ಮೇಲೆ ಬರುತ್ತದೆ. ಅದೇ ಗುಣ ಈ ಗೆಡ್ಡೆಗೆ ವಿಷ. ನೀರು ಇದ್ದಾಗ ಅಂಟು, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಗದಗಿನಲ್ಲಿ ನಮ್ಮ ಅಕ್ಕ ಹಿತ್ತಲಿನ ಎರೆ ಮಣ್ಣಿನಲ್ಲೇ ಹಾಕಿದ್ದಳು. ತಿಂಗಳಾದ ಮೇಲೆ ಕೆದಕಿ ನೋಡಿದರೆ ಸಿಪ್ಪೆ ಮಾತ್ರ ಸಿಕ್ಕಿತು. ಮರುವರ್ಷ ಕುಂಡಕ್ಕೆ ಬಂದಳು, ಹೂ ಬಂತು. ಧಾರವಾಡದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿ ಕಡೆಯ ಕೆಂಪು ಮಣ್ಣು ಇದಕ್ಕಿಂತ ಎಷ್ಟೋ ವಾಸಿ, ಆದರೂ ನೆಲಕ್ಕಿಂತ ಕುಂಡವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಈಗ ಹೊಳೆ ಉಸುಕು ಸಿಗುವುದೇ ಕಷ್ಟ, ಎಂ-ಸ್ಯಾಂಡ್ ಹಾಕುವುದಾದರೆ ತೊಳೆದು ಹಾಕಿ, ಇಲ್ಲದಿದ್ದರೆ ಅದರ ಹುಡಿ ಕೆಳಗೆ ಕೂತು ಕುಂಡದ ತೂತು ಮುಚ್ಚುತ್ತದೆ. ಹಸಿ ಸೆಗಣಿ ಮಾತ್ರ ಬೇಡವೇ ಬೇಡ. ಒಂದು ಮುಷ್ಟಿ ಬೇವಿನ ಹಿಂಡಿ ಸೇರಿಸಿದರೆ ನಷ್ಟ ಇಲ್ಲ.

ಕುಂಡ ಇಡುವುದು ಮನೆಯ ಪೂರ್ವಕ್ಕೆ. ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ ಬಿಸಿಲಿಗೆ ಗೋಡೆಯ ನೆರಳು ಬೇಕು. ತಾರಸಿ ಮೇಲೆ ಇಡುವವರು ಹಸಿರು ನೆಟ್ ಕಟ್ಟಿ, ಕುಂಡವನ್ನು ನೇರ ಸ್ಲ್ಯಾಬ್ ಮೇಲೆ ಕೂರಿಸಬೇಡಿ, ಕೆಳಗೆ ಎರಡು ಇಟ್ಟಿಗೆ ಕೊಡಿ. ಮೊಗ್ಗಿಗೆ ಹೇನು ಹತ್ತುತ್ತದೆ. ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಎಲೆ ಮೇಲೆ ಬೂದಿ ರೋಗ ಕಂಡರೆ ಆ ಎಲೆ ಕಿತ್ತು ದೂರ ಎಸೆಯಿರಿ.

ಹೂವಿನ ಬಗ್ಗೆ ಮಾತ್ರ ನಿಮ್ಮವರು ಬರೆದದ್ದು ಕಡಿಮೆಯೇ ಆಯಿತು. ಕೆಂಪು, ನೀಲಿ, ನೇರಳೆ, ಬಿಳಿ, ಗುಲಾಬಿ, ನಡುವೆ ಕಡುಗಪ್ಪು ಗುಂಡಿ, ಅದರ ಸುತ್ತ ಕಪ್ಪು ಕೇಸರ. ಕೆಂಪು ಹೂವಿನಲ್ಲಿ ಆ ಗುಂಡಿಯ ಸುತ್ತ ಬಿಳಿ ಉಂಗುರ ಕೂಡ ಇರುತ್ತದೆ. ಸಂಜೆ ಮುಚ್ಚಿಕೊಳ್ಳುತ್ತದೆ, ಬೆಳಗ್ಗೆ ಬಿಸಿಲು ತಾಕಿದಾಗ ಮತ್ತೆ ತೆರೆಯುತ್ತದೆ, ಮೋಡ ಇದ್ದ ದಿನ ಮೂಡು ಬಂದರೆ ಉಂಟು ಇಲ್ಲದಿದ್ದರೆ ಇಲ್ಲ. ಪ್ಯಾಕೆಟ್ ಮೇಲೆ ಡಿ ಕಾನ್ ಅಂತ ಇದ್ದರೆ ಒಂಟಿ ಸುತ್ತಿನ ಹೂವು, ಸೇಂಟ್ ಬ್ರಿಜಿಡ್ ಅಂತ ಇದ್ದರೆ ಸುತ್ತು ಜಾಸ್ತಿ. ನನಗೆ ಒಂಟಿ ಸುತ್ತಿನದೇ ಇಷ್ಟ, ಆ ಕಪ್ಪು ಗುಂಡಿ ಚೆನ್ನಾಗಿ ಕಾಣುತ್ತದೆ. ಹಳದಿ ಬಣ್ಣದ್ದು ಕಳಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಕೊಳ್ಳಬೇಡಿ, ಈ ಜಾತಿಯಲ್ಲಿ ಹಳದಿ ಇಲ್ಲ. ಹೂದಾನಿಗೆ ಬೇಕಾದರೆ ಮೊಗ್ಗು ಬಣ್ಣ ತೋರಿಸಿ ಒಮ್ಮೆ ಬಿಚ್ಚಿಕೊಂಡ ಮೇಲೆ ಬುಡದ ಹತ್ತಿರ ಕತ್ತರಿಯಿಂದ ಕತ್ತರಿಸಿ. ಎಳೆದರೆ ಗೆಡ್ಡೆಯೇ ಅಲುಗುತ್ತದೆ. ನೀರಿನಲ್ಲಿ ವಾರದ ಹತ್ತಿರ ಇರುತ್ತದೆ. ನಮ್ಮಲ್ಲಿ ದಂಟು ವಿದೇಶದ ಫೋಟೊದಲ್ಲಿ ಕಾಣುವಷ್ಟು ಉದ್ದ ಬರುವುದಿಲ್ಲ, ಅದಕ್ಕೆ ಬೇಜಾರು ಬೇಡ.

ಆನ್‌ಲೈನ್‌ನಲ್ಲಿ ಅನಿಮೋನ್ ಬ್ಲಾಂಡಾ ಎಂಬ ಚಿಕ್ಕ ನೀಲಿ ಹೂವಿನದೂ ಮಾರುತ್ತಾರೆ. ಗೇಣು ಎತ್ತರ ಕೂಡ ಬೆಳೆಯದ ಗಿಡ, ಟರ್ಕಿ, ಗ್ರೀಸಿನ ಬೆಟ್ಟದ್ದು. ಅದಕ್ಕೆ ನಿಜವಾದ ಚಳಿಯೇ ಬೇಕು. ಯುರೋಪಿನ ಕಾಡಿನ ನೆರಳಲ್ಲಿ ಹಬ್ಬುವ ಅನಿಮೋನ್ ನೆಮೊರೋಸಾ ಅಂತೂ ಒಣಗುವುದನ್ನೇ ಸಹಿಸುವುದಿಲ್ಲ. ಇವೆರಡನ್ನೂ ಹುಬ್ಬಳ್ಳಿಯಲ್ಲಿ ಪ್ರಯತ್ನಿಸುವುದು ದುಡ್ಡು ದಂಡ. ಮಾರುವವರು ಇದನ್ನು ಹೇಳುವುದಿಲ್ಲ. ಮೇ ತಿಂಗಳಲ್ಲಿ ಗೆಡ್ಡೆ ಬುಕ್ ಮಾಡಿದರೂ ಕಳಿಸಿಬಿಡುತ್ತಾರೆ, ಅದು ಕೊರಿಯರ್ ಗಾಡಿಯಲ್ಲಿ ಬೆಂದು ನಮ್ಮ ಬಾಗಿಲಿಗೆ ಬರುತ್ತದೆ. ಅದರ ಬದಲು ಅದೇ ಕುಟುಂಬದ ರಾನಂಕ್ಯುಲಸ್ ಜೊತೆಗೆ ತರಿಸಿಕೊಳ್ಳಿ, ನೆಡುವ ಕಾಲ, ಮಣ್ಣು, ನೀರು ಎಲ್ಲಾ ಒಂದೇ, ಅದರ ಗೆಡ್ಡೆಯ ಉಗುರಿನಂಥ ತುದಿ ಮಾತ್ರ ಕೆಳಮುಖವಾಗಿರಲಿ.

ಎಲೆ ಹಳದಿ ಆದಮೇಲೆ ನೀರು ನಿಲ್ಲಿಸಿ. ಎಲೆ ಪೂರ್ತಿ ಒಣಗಲಿ, ಹಸಿರಿದ್ದಾಗಲೇ ಕತ್ತರಿಸಬೇಡಿ. ಆಮೇಲೆ ಗೆಡ್ಡೆ ಅಗೆದು, ನೆರಳಲ್ಲಿ ಒಣಗಿಸಿ, ಪೇಪರ್ ಕವರಿನಲ್ಲಿ ಹಾಕಿ ಮನೆಯ ತಂಪು ಮೂಲೆಯಲ್ಲಿ ಇಡಿ. ಪ್ಲಾಸ್ಟಿಕ್ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಕಡೆ ಚಳಿ ಕಡಿಮೆ, ಚಳಿ ಇರುವ ದಿನವೂ ಕಡಿಮೆ, ಗೆಡ್ಡೆ ಮರುವರ್ಷಕ್ಕೆ ಸಾಕಷ್ಟು ದಪ್ಪ ಆಗುವುದಿಲ್ಲ. ಉಳಿದದ್ದು ಲಾಭ ಅಂದುಕೊಂಡು ಹೊಸ ಗೆಡ್ಡೆಗೆ ಪ್ರತಿ ವರ್ಷ ಸ್ವಲ್ಪ ದುಡ್ಡು ತೆಗೆದಿಟ್ಟರೆ ಮನಸ್ಸಿಗೆ ನೆಮ್ಮದಿ.

ಈಗ ನಿಮ್ಮಲ್ಲಿ ಒಂದು ಕೇಳಿಕೆ. ಕೈತೋಟದ ಪುಟದಲ್ಲಿ ಯಾವುದೇ ಹೊರಗಿನ ಗಿಡದ ಬಗ್ಗೆ ಹಾಕುವಾಗ ಕೆಳಗೆ ನಾಲ್ಕು ಸಾಲು ಸೇರಿಸಿ: ಧಾರವಾಡ, ಗದಗ, ಹಾವೇರಿ ಕಡೆ ಯಾವ ತಿಂಗಳು, ಎರೆ ಮಣ್ಣಿಗೆ ಆಗುತ್ತದೋ ಇಲ್ಲವೋ, ಕುಂಡವೋ ನೆಲವೋ. ಕರಾವಳಿಯ ಆವೃತ್ತಿಗೆ ಬೇರೆ ಸಾಲು ಬೇಕಾಗಬಹುದು, ಹಾಕಿ. ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಒಂದು ಫೋನ್ ಮಾಡಿದರೆ ಹೇಳುವವರು ಸಿಗುತ್ತಾರೆ. ತೋಟಗಾರಿಕೆ ಇಲಾಖೆ ಪ್ರತಿ ಜಿಲ್ಲೆಯಲ್ಲೂ ಇದೆ. ಬರೀ ಫೋಟೊ ನೋಡಿ ಗೆಡ್ಡೆ ತರಿಸುವವರು ಹೆಚ್ಚಾಗಿರುವ ಈ ಕಾಲದಲ್ಲಿ ಪೇಪರಿನಲ್ಲಿ ಬಂದದ್ದನ್ನು ಜನ ಈಗಲೂ ನಂಬುತ್ತಾರೆ.

ಇನ್ನೊಂದು ಮಾತು, ಇದು ನಿಮ್ಮ ಬರಹದಲ್ಲಿ ಇರಲೇ ಇಲ್ಲ. ಈ ಗಿಡದ ರಸ ಒಳ್ಳೆಯದಲ್ಲ. ಎಲೆ, ದಂಟು ಮುರಿದಾಗ ಬರುವ ರಸ ತಾಕಿದರೆ ಕೆಲವರಿಗೆ ಕೈ ಉರಿಯುತ್ತದೆ, ಗುಳ್ಳೆ ಏಳುತ್ತದೆ. ತಿಂದರೆ ಬಾಯಿ, ಹೊಟ್ಟೆ ಉರಿ, ವಾಂತಿ. ನಾಯಿ, ಬೆಕ್ಕು, ಆಡು ಇರುವ ಮನೆಯವರು ಕುಂಡವನ್ನು ಎತ್ತರದಲ್ಲಿ ಇಡಿ, ಕತ್ತರಿಸುವಾಗ ಕೈಗವಸು ಹಾಕಿ, ಆಮೇಲೆ ಕೈ ತೊಳೆಯಿರಿ. ಒಣ ಗೆಡ್ಡೆಯನ್ನು ಅಡುಗೆ ಮನೆಯಲ್ಲಿ ಮಾತ್ರ ಇಡಬೇಡಿ. ಶುಂಠಿ ಅಂದುಕೊಂಡು ಯಾರಾದರೂ ಚಹಾಕ್ಕೆ ಜಜ್ಜಿ ಹಾಕಿದರೆ ಗತಿ ಏನು? ಕವರ್ ಮೇಲೆ ದೊಡ್ಡ ಅಕ್ಷರದಲ್ಲಿ ವಿಷ ಅಂತ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಪತ್ರ ಉದ್ದ ಆಯಿತು ಎಂದು ನೀವು ಎಲ್ಲಿ ಬೇಕಾದರೂ ಕತ್ತರಿಸಿ, ಈ ಕೊನೆಯ ಪ್ಯಾರಾ ಮಾತ್ರ ಬಿಡಬೇಡಿ.

ಇತಿ,
ಒಬ್ಬ ಹಳೆಯ ಓದುಗ
ಮಾಳಮಡ್ಡಿ, ಧಾರವಾಡ